ಮಳೆಗಾಲದ ಮುತ್ತಿಗೆ: ಕ್ರಿ. ಶ. 1657ರಲ್ಲಿ ಕಲ್ಯಾಣದ ಕೋಟೆ

ಶೀತದೇಶಗಳಲ್ಲಿ ಶತ್ರುಗಳಿಂದ ಸುತ್ತುವರಿಯಲ್ಪಟ್ಟ ಕೋಟೆಯವರು ಚಳಿಗಾಲದ ದಾರಿಯನ್ನು ನೋಡುತ್ತ ಕುಳಿತಿರುವುದುಂಟು. ಹಿಮ ಬಿದ್ದಿತೆಂದರೆ ಹೊರಗಿನ ದಂಡು ತಾನಾಗಿಯೇ ಸಡಿಲಾಗುವುದೆಂಬುದು ಅವರ ಆಸೆ. 1812ರಲ್ಲಿ ರಷ್ಯವನ್ನು ಹೊಕ್ಕ ನೆಪೋಲಿಯನ್ನನ ಸೇನೆಗೆ ಆದ ಗತಿಯನ್ನು ವಾಚಕರು ಬಲ್ಲರು. ಆದರೆ ಋತುವೆಂಬುದು ಎರಡು ಮುಖದ ಮಿತ್ರ. 1941–42ರ ಚಳಿಗಾಲದಲ್ಲಿ ಲೆನಿನ್‌ಗ್ರಾಡ್ ನಗರದೊಳಗೆ ಹಸಿವಿನೊಡನೆ ಸೇರಿ ಲಕ್ಷಗಟ್ಟಲೆ ಜನರನ್ನು ಕೊಂದುದೂ ಹಿಮವೇ. ಲಡೋಗಾ ಸರೋವರವನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ಅನ್ನದ ಬಂಡಿಗಳು ಬರುವಂತೆ ಮಾಡಿ ಉಳಿದವರನ್ನು ಬದುಕಿಸಿದುದೂ ಹಿಮವೇ.

ನಮ್ಮ ದಕ್ಖಣದ ಪ್ರಸ್ಥಭೂಮಿಯಲ್ಲಿ ಚಳಿಗಾಲಕ್ಕೆ ಇಂಥ ಪ್ರತಾಪವಿಲ್ಲ. ಅದು ಜೋಳ ತೆನೆಗಟ್ಟುವ ಕಾಲ. ದಾರಿಗಳು ಒಣಗಿ ಗಟ್ಟಿಯಾಗಿ, ಹೊಳೆಗಳು ಇಳಿದು, ದಂಡಿನ ಸಂಚಾರಕ್ಕೆ ಎಲ್ಲ ವಿಧದಿಂದಲೂ ಅನುಕೂಲವಾಗಿರುವ ಕಾಲ. ವಿಜಯದಶಮಿಯ ದಿನ ಸೀಮೋಲ್ಲಂಘನ ಮಾಡುವ ಪದ್ಧತಿಯು ಹುಟ್ಟಿದುದೇ ಈ ಕಾರಣದಿಂದ. ಇಲ್ಲಿ ಸೇನೆಗಳ ಕಾಲು ಕಟ್ಟುವ ಋತು ಮಳೆಗಾಲವು. ಎರೆಯ ನೆಲ ನೆನೆದರೆ ಎತ್ತಿನ ಗೊರಸು ಮೊಣಕಾಲಿನವರೆಗೆ ಹೂಳುವುದು, ತೋಪಿನ ಗಾಲಿ ಅಲುಗದು, ಮಾಂಜರಾ ಕಾರಂಜಾ ನದಿಗಳು ದಾಟಗೊಡವು. ಆದುದರಿಂದ ರೋಹಿಣಿ ಮಳೆಯ ಮೋಡ ಕಾಣಿಸುವಷ್ಟರಲ್ಲಿ ಸೇನಾಪತಿಗಳು ಮುತ್ತಿಗೆಯನ್ನು ಮುಗಿಸಿಕೊಳ್ಳಬೇಕು. ಇಲ್ಲವೆ ಮುತ್ತಿಗೆಯನ್ನೆತ್ತಿ ಛಾವಣಿಗೆ ಹೊರಡಬೇಕು. ದಕ್ಖಣದ ಕಿಲ್ಲೇದಾರರೆಲ್ಲರ ಲೆಕ್ಕಾಚಾರ ಈ ಒಂದು ನಂಬಿಕೆಯ ಮೇಲೆ ನಿಂತಿದ್ದಿತು. ಮಳೆ ಬರುವವರೆಗೆ ಬಾಗಿಲನ್ನು ತೆರೆಯದೆ ಉಳಿದರೆ ಕೋಟೆ ಉಳಿಯಿತು.

ಈ ಲೆಕ್ಕಾಚಾರವು ಅತಿ ಕಠಿನವಾಗಿ ಪರೀಕ್ಷೆಗೆ ಒಳಗಾದುದು ಕಲ್ಯಾಣದ ಕೋಟೆಯಲ್ಲಿ, ಕ್ರಿ. ಶ. 1657ರಲ್ಲಿ. ಕಲ್ಯಾಣವೆಂದೊಡನೆ ನಮ್ಮವರ ಮನಸ್ಸು ಹನ್ನೊಂದು ಹನ್ನೆರಡನೆಯ ಶತಮಾನಗಳಿಗೆ ಓಡುವುದು ಸಹಜವೇ. ಆಹವಮಲ್ಲ ಸೋಮೇಶ್ವರನು ರಾಜಧಾನಿಯಾಗಿ ಬೆಳಸಿದ ಊರು, ಆರನೆಯ ವಿಕ್ರಮಾದಿತ್ಯನ ಐವತ್ತು ವರ್ಷಗಳ ವೈಭವವನ್ನು ಕಂಡ ಊರು, ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದ ಊರು, ಬಸವಣ್ಣನವರ ಊರು. ಕಾಶ್ಮೀರದ ಹಿಮದ ನಡುವೆ ಹುಟ್ಟಿದ ಬಿಲ್ಹಣನು ದೇಶವೆಲ್ಲ ಅಲೆದು ಬಂದು ಕಡೆಗೆ ನೆಲೆನಿಂತುದೂ ಹಿಮವನ್ನೇ ಕಾಣದ ಈ ಊರಿನಲ್ಲಿ. ಇಷ್ಟೆಲ್ಲ ಹೇಳಿದ ಮೇಲೆ ಊರಿನ ಚರಿತ್ರೆ ಮುಗಿಯಿತೆಂಬಂತೆ ಪುಸ್ತಕವನ್ನು ಮಡಚಿಬಿಡುವುದು ಒಂದು ರೂಢಿಯಾಗಿದೆ. ಕೋಟೆಯ ಗೋಡೆಗಳಾದರೋ ಇನ್ನೂ ಐದಾರು ಶತಮಾನ ಪೆಟ್ಟು ತಿನ್ನುತ್ತಲೇ ಇದ್ದವು.

ಪೆಟ್ಟು ಹೊಸದೇನೂ ಅಲ್ಲ. ಹನ್ನೊಂದನೆಯ ಶತಮಾನದ ನಡುವಿನಲ್ಲಿಯೇ ಚೋಳ ರಾಜಾಧಿರಾಜನು ಕಲ್ಯಾಣವನ್ನು ಸುಟ್ಟು, ಇಲ್ಲಿಯ ಒಂದು ದ್ವಾರಪಾಲಕ ವಿಗ್ರಹವನ್ನು ಗೆಲವಿನ ಗುರುತಾಗಿ ಹೊತ್ತೊಯ್ದನು. ಹಾಗೆ ತಂದುದೆಂದು ತಮಿಳಿನಲ್ಲಿ ಅದರ ಪೀಠದ ಮೇಲೆ ಕೆತ್ತಿಸಿದ ಬರಹವು ಇಂದಿಗೂ ಇದೆ. ಬಾಗಿಲು ಕಾಯಬೇಕಾದವನನ್ನೇ ಸೆರೆಹಿಡಿದೊಯ್ದ ಆ ಘಟನೆಯಲ್ಲಿ ಒಂದು ಬಗೆಯ ಕ್ರೂರ ವಿನೋದವಿದೆ. ಬಹಮನಿ ರಾಜ್ಯ ಒಡೆದ ಮೇಲೆ ಈ ಕೋಟೆಯು ಬೀದರ, ಅಹಮದನಗರ, ಬಿಜಾಪುರಗಳ ಗಡಿಗಳು ಸಂಧಿಸುವೆಡೆಯಲ್ಲಿ ಸಿಲುಕಿಕೊಂಡಿತು. ವಿಜಯನಗರದ ರಾಮರಾಯನೂ ಇದರ ಗೊಡವೆಯನ್ನು ಬಿಡಲಿಲ್ಲ. ಹಳೆಯ ಚಾಳುಕ್ಯರ ರಾಜಧಾನಿಯೆಂಬ ಹೆಸರು ಅವನನ್ನು ಇತ್ತ ಸೆಳೆಯಿತೆಂದು ಈಚಿನ ವಿದ್ವಾಂಸರು ತರ್ಕಿಸಿರುವರು.

1560ರ ದಶಕದ ಮೊದಲ ವರ್ಷಗಳಲ್ಲಿ ನಡೆದ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಕೈಬಿಟ್ಟುಹೋದ ಕಲ್ಯಾಣವನ್ನು ಮರಳಿ ಪಡೆಯಬೇಕೆಂದು ಅಹಮದನಗರದ ಹುಸೇನ ನಿಜಾಮಶಹನು ಗೋಲಕೊಂಡದ ಇಬ್ರಾಹಿಂ ಕುತುಬಶಹನನ್ನು ಜೊತೆಗೆ ಕರೆದುಕೊಂಡು ಮುತ್ತಿಗೆಗೆ ಬಂದನು. ಮೈತ್ರಿ ಗಟ್ಟಿಯಾಗಲೆಂದು ತನ್ನ ಮಗಳನ್ನು ಕುತುಬಶಹನಿಗೆ ಕೊಟ್ಟು, ಮದುವೆಯನ್ನು ಈ ಕೋಟೆಯ ಸಮೀಪದಲ್ಲಿಯೇ ನೆರವೇರಿಸಿದನು. ಬೀಗರಿಬ್ಬರೂ ಮದುವೆಯ ಊಟ ಮುಗಿಸಿ ಕೋಟೆಗೆ ತೋಪು ಹೂಡಿದರು. ಅಷ್ಟರಲ್ಲಿ ರಾಮರಾಯನೂ ಬಿಜಾಪುರದ ಅಲೀ ಆದಿಲಶಹನೂ ಸೇನೆಯೊಡನೆ ಏರಿ ಬಂದರು. ಅವರನ್ನೆದುರಿಸಲು ಹುಸೇನನು ಹೊರಟಾಗ ಸುರಿದ ಮಳೆಗೆ ಅವನ ತೋಪುಗಳು ಕೆಸರಿನಲ್ಲಿ ಹೂತುಹೋದವು; ಬಹಳಷ್ಟನ್ನು ಅಲ್ಲಿಯೇ ಬಿಟ್ಟು ಅವನು ಹಿಂದಿರುಗಬೇಕಾಯಿತು. ಅಂದು ಕಲ್ಯಾಣವನ್ನು ಕಾಪಾಡಿದವರಲ್ಲಿ ಮಳೆಯ ಪಾಲು ಯಾವ ಅರಸನ ಪಾಲಿಗೂ ಕಡಮೆಯಲ್ಲ.

ಹದಿನೇಳನೆಯ ಶತಮಾನದ ನಡುವಿಗೆ ಕೋಟೆಯು ಬಿಜಾಪುರದ ಆದಿಲಶಾಹಿಯ ಕೈಯಲ್ಲಿದ್ದಿತು. 1656ನೆಯ ನವೆಂಬರ್ 4ರಂದು ಗೋಲಗುಮ್ಮಟದ ಮಹಮ್ಮದ ಆದಿಲಶಹನು ತೀರಿಕೊಂಡು, ಹದಿನೆಂಟು ವರ್ಷದ ಎರಡನೆಯ ಅಲೀ ಆದಿಲಶಹನು ಪಟ್ಟಕ್ಕೆ ಬಂದನು. ದಕ್ಖಣದ ಮೊಗಲ ಸುಬೇದಾರನಾಗಿ ಔರಂಗಾಬಾದಿನಲ್ಲಿದ್ದ ಔರಂಗಜೇಬನು ಇಂಥ ಗಳಿಗೆಗಾಗಿಯೇ ಕಾದಿದ್ದವನು. ಹೊಸ ಅರಸನು ಸತ್ತವನ ಮಗನೇ ಅಲ್ಲವೆಂಬ ನೆವವನ್ನು ತೆಗೆದು, ದಂಡೆತ್ತಲು ಅಪ್ಪಣೆಯಾಗಬೇಕೆಂದು ತಂದೆಯಾದ ಷಹಜಹಾನನಿಗೆ ಬರೆದನು. ಅದೇ ತಿಂಗಳ 26ರಂದು ಅಪ್ಪಣೆಯಾಯಿತು. 1636ರ ಒಪ್ಪಂದವು ಊರ್ಜಿತವಿರುವಾಗ ಮೊಗಲರಿಗೆ ಬಿಜಾಪುರದ ಪಟ್ಟದ ವಿಚಾರದಲ್ಲಿ ಕೈಹಾಕಲು ಯಾವ ಅಧಿಕಾರವೂ ಇರಲಿಲ್ಲ. ಅದನ್ನು ಔರಂಗಜೇಬನ ಚರಿತ್ರಕಾರರಲ್ಲಿ ಅಗ್ರಗಣ್ಯರಾದ ಜದುನಾಥ ಸರಕಾರರೇ ಒಪ್ಪಿರುವರು. ಗೋಲಕೊಂಡದ ಸೇವೆಯನ್ನು ಬಿಟ್ಟು ಮೊಗಲರನ್ನು ಸೇರಿದ್ದ, ವಜ್ರದ ವ್ಯಾಪಾರಕ್ಕೂ ತೋಪಖಾನೆಗೂ ಸಮಾನವಾಗಿ ಹೆಸರಾಗಿದ್ದ ಮೀರ್ ಜುಮ್ಲಾನು 1657ನೆಯ ಜನವರಿ 18ರಂದು ಔರಂಗಜೇಬನನ್ನು ಕೂಡಿಕೊಂಡನು. ಇಬ್ಬರೂ ಬೀದರಿನ ದಾರಿ ಹಿಡಿದರು.

ಬೀದರಿನ ಕೋಟೆಯನ್ನು ನೋಡಿದವರಿಗೆ ಅದರ ಮುಂದೆ ಕಲ್ಯಾಣದ ಕೋಟೆಯು ಎಷ್ಟು ಚಿಕ್ಕದೆಂಬುದು ತಿಳಿದಿದೆ. ಮೂರು ಸಾಲಿನ ಕಂದಕ, ಬಂಡೆಯನ್ನೇ ಕಡಿದು ಮಾಡಿದ ಅಗಳು, ಸಾವಿರ ಕುದುರೆ, ನಾಲ್ಕು ಸಾವಿರ ಕಾಲಾಳು, ಹಲವು ದಶಕಗಳ ಅನುಭವವುಳ್ಳ ಸಿದ್ದಿ ಮರ್ಜಾನನೆಂಬ ಮುದುಕ ಕಿಲ್ಲೇದಾರ. ಇಷ್ಟಿದ್ದೂ ಮಾರ್ಚ್ 2ರಂದು ಆರಂಭವಾದ ಮುತ್ತಿಗೆಯು ಇಪ್ಪತ್ತೇಳು ದಿನಗಳಲ್ಲಿ ಮುಗಿದುಹೋಯಿತು. ಮಾರ್ಚ್ 29ರಂದು ಮೊಗಲರ ಬಾಣವೊಂದು ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿನ ರಾಶಿಗೆ ತಾಕಿ, ಆ ಸಿಡಿತದಲ್ಲಿ ಮರ್ಜಾನನೂ ಅವನ ಮಕ್ಕಳೂ ಸುಟ್ಟು ಗಾಯಗೊಂಡರು. ಆ ಗೊಂದಲದಲ್ಲಿ ಶತ್ರುಗಳು ಒಳನುಗ್ಗಿದರು. ಮುದುಕನು ಆ ಗಾಯದಿಂದಲೇ ಸತ್ತನು. ನಗದು 12 ಲಕ್ಷ ರೂಪಾಯಿ, 8 ಲಕ್ಷ ರೂಪಾಯಿ ಬೆಲೆಯ ಮದ್ದು ಕಾಳುಕಡಿ ಮೊದಲಾದ ಸಾಮಗ್ರಿ, 230 ತೋಪುಗಳು ಮೊಗಲರ ಪಾಲಾದವು. ವರ್ಷಗಟ್ಟಲೆ ಸಾಲುವಂತೆ ಕೂಡಿಟ್ಟ ಮದ್ದು ಕೋಟೆಯನ್ನು ಕಾಯುವ ಬದಲು ಕೋಟೆಯನ್ನೇ ಒಪ್ಪಿಸಿಕೊಟ್ಟಿತು.

ಔರಂಗಜೇಬನಿಗೆ ಈಗ ಮುಂದಿನ ದಾರಿ ಸುಗಮವಾಗಿ ಕಂಡುದು ಆಶ್ಚರ್ಯವಲ್ಲ. ಬೀದರಿನಿಂದ ಪಶ್ಚಿಮಕ್ಕೆ ಸುಮಾರು 40 ಮೈಲಿ, ತುಳಜಾಪುರದಿಂದ ಗೋಲಕೊಂಡಕ್ಕೆ ಹೋಗುವ ಹಳೆಯ ಹೆದ್ದಾರಿಯ ಮೇಲೆ ಕಲ್ಯಾಣವಿದ್ದಿತು. ಅದನ್ನು ಹಿಂದೆ ಬಿಟ್ಟು ಬಿಜಾಪುರಕ್ಕೆ ಹೋಗುವುದೆಂದರೆ ಬೆನ್ನಿಗೆ ಶತ್ರುವನ್ನು ಕಟ್ಟಿಕೊಂಡು ನಡೆದಂತೆ. ಮಹಾಬತಖಾನನು 15,000 ಸವಾರರೊಡನೆ ಮುಂದಾಗಿ ಹೊರಟು ಕಲ್ಯಾಣದಿಂದ ಕಲಬುರ್ಗಿಯವರೆಗಿನ ಸೀಮೆಯನ್ನು ಹಾಳುಗೆಡವಿದನು. ಏಪ್ರಿಲ್ 27ರಂದು ಔರಂಗಜೇಬನು ಭಾರದ ಸಾಮಾನುಗಳನ್ನು ಬೀದರಿನಲ್ಲಿ ಬಿಟ್ಟು ಹಗುರವಾಗಿ ಹೊರಟು ಮೇ 3ರಂದು ಕಲ್ಯಾಣದ ಮುಂದೆ ಬಂದು ಇಳಿದನು. ದಾರಿಯಲ್ಲಿರುವಾಗಲೇ, ಏಪ್ರಿಲ್ 30ರ ರಾತ್ರಿ, ಶಿವಾಜಿಯು ದೂರದ ಜುನ್ನರದ ಗೋಡೆಗಳಿಗೆ ಹಗ್ಗದ ಏಣಿ ಹಾಕಿ ಒಳಹೊಕ್ಕು ಮೂರು ಲಕ್ಷ ಹೊನ್ನನ್ನು ದೋಚಿದನು. ಬಿಜಾಪುರದ ಮೇಲಿನ ಯುದ್ಧವು ಬೇಗ ಮುಗಿಯದಿದ್ದರೆ ತನ್ನ ಸ್ವಂತ ಸೀಮೆಗೇ ಬೆಂಕಿ ಬೀಳುವುದೆಂಬುದನ್ನು ಸುಬೇದಾರನಿಗೆ ಈ ಸುದ್ದಿ ತಿಳಿಸಿತು.

ತಿಥಿವಾರಗಳನ್ನು ಎಣಿಸಿ ನೋಡಿದರೆ ಅವನ ಸಾಹಸದ ಸ್ವರೂಪ ತಿಳಿಯುವುದು. ಮೇ 3 ಎಂದರೆ ಬೇಸಗೆಯ ನೆತ್ತಿ. ಮುಂಗಾರಿಗೆ ಉಳಿದುದು ಹೆಚ್ಚೆಂದರೆ ಐದಾರು ವಾರ. ವಾಡಿಕೆಯಂತೆ ನಡೆಯುವ ಸೇನಾಪತಿಯಾಗಿದ್ದರೆ ಬೀದರಿನಲ್ಲಿಯೇ ಮಳೆಗಾಲವನ್ನು ಕಳೆದು ದಸರೆಗೆ ಹೊರಡುತ್ತಿದ್ದನು. ಔರಂಗಜೇಬನು ಬೀದರಿನ ಇಪ್ಪತ್ತೇಳು ದಿನಗಳನ್ನೇ ಅಳತೆಗೋಲಾಗಿ ಹಿಡಿದನೆಂದು ತೋರುತ್ತದೆ. ದೊಡ್ಡ ಕೋಟೆಗೆ ಒಂದು ತಿಂಗಳಾದರೆ ಚಿಕ್ಕದಕ್ಕೆ ಎಷ್ಟು ಬೇಕು?

ಕಲ್ಯಾಣದಲ್ಲಿ ಕಿಲ್ಲೇದಾರನಾಗಿದ್ದವನು ದಿಲಾವರನೆಂಬ ಹಬಶಿ. ಸಮುದ್ರದಾಚೆಯ ಅಬಿಸೀನಿಯದಿಂದ ಗುಲಾಮರಾಗಿ ಬಂದು, ಕತ್ತಿಯ ಬಲದಿಂದಲೂ ಸ್ವಾಮಿನಿಷ್ಠೆಯಿಂದಲೂ ದಕ್ಖಣದ ಸುಲ್ತಾನರಲ್ಲಿ ದೊಡ್ಡ ಪದವಿಗಳಿಗೇರಿದ ಜನ ಇವರು. ಅಹಮದನಗರದ ಮಲಿಕ ಅಂಬರನ ಹೆಸರನ್ನು ಕೇಳದವರಿಲ್ಲ. ದಿಲಾವರನ ಬಳಿ ಇದ್ದವರು 2,500 ಮಂದಿ, ಬೀದರಿನಲ್ಲಿದ್ದವರ ಅರ್ಧ. ಕೋಟೆಯು ಗಗನವನ್ನು ಮುಟ್ಟುವ ಗಿರಿದುರ್ಗವಲ್ಲ. ಏರುತಗ್ಗಿನ ನೆಲದಲ್ಲಿ, ಸಹಜವಾಗಿ ಬಿದ್ದ ಬಂಡೆಗಳನ್ನು ಹೊಂದಿಸಿಕೊಂಡು ಎಬ್ಬಿಸಿದ ಗೋಡೆಗಳು, ದೂರದಿಂದ ನೋಡುವವನಿಗೆ ಕೋಟೆಯಿದೆಯೆಂಬುದೇ ಹೊಳೆಯದಂತೆ ನೆಲವನ್ನು ಅಪ್ಪಿಕೊಂಡಿವೆ. ಒಂದರ ಹಿಂದೊಂದು ಬಾಗಿಲು, ತಿರುವಿನ ದಾರಿ, ಸುತ್ತಲೂ ಕಂದಕ. ಆ ಕಂದಕವೇ ಈ ಕಥೆಯ ರಂಗಸ್ಥಳ.

ಮುತ್ತಿಗೆಯ ಕೆಲಸ ಕಣ್ಣಿಗೆ ಕಾಣುವಷ್ಟು ವೀರೋಚಿತವಾದುದಲ್ಲ. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮಣ್ಣಿನ ಕೆಲಸ. ಗುಂಡಿಗೆ ಸಿಗದಂತೆ ಅಡ್ಡಡ್ಡವಾಗಿ ಕಾಲುವೆ ತೋಡುತ್ತ, ತೋಡಿದ ಮಣ್ಣನ್ನೇ ಮರೆಯಾಗಿ ಒಟ್ಟುತ್ತ, ಮೋರ್ಚೆಗಳನ್ನು ಕಂದಕದ ಅಂಚಿಗೆ ತರಬೇಕು. ಅಲ್ಲಿಂದ ಕಂದಕವನ್ನು ತುಂಬಬೇಕು. ತುಂಬಿದ ಮೇಲೆ ಅದರ ಮೇಲಿಂದ ಗೋಡೆಯ ಬುಡಕ್ಕೆ ಹೋಗಿ ಏಣಿ ಹಾಕಬೇಕು, ಇಲ್ಲವೆ ತೋಪಿನಿಂದ ಗೋಡೆಯನ್ನು ಕೆಡವಿ ಒಡಕಿನೊಳಗೆ ಲಗ್ಗೆಯೇರಬೇಕು. ಮೀರ್ ಜುಮ್ಲಾನು ಕೋಟೆಯ ಗುಂಡುಗಳನ್ನು ಲೆಕ್ಕಿಸದೆ ಮೇ 8ರ ಹೊತ್ತಿಗೇ ಮೋರ್ಚೆಗಳನ್ನು ಅಗಳಿನ ಅಂಚಿಗೆ ಮುಟ್ಟಿಸಿದನು. ಐದು ದಿನಗಳಲ್ಲಿ ಅಷ್ಟು ಕೆಲಸವೆಂದರೆ ಅವಸರ ಎಷ್ಟಿದ್ದಿರಬೇಕು!

ಕಂದಕ ತುಂಬುವುದರಲ್ಲಿಯೂ ಅದೇ ಅವಸರ. ಕಲ್ಲುಮಣ್ಣನ್ನು ಹೊತ್ತು ತಂದು ಸುರಿಯುವುದಕ್ಕೆ ಕಾಲ ಬೇಕು. ಸುತ್ತಣ ಬೀಳುಗಳಲ್ಲಿ ಬೇಸಗೆಯ ಬಿಸಿಲಿಗೆ ಒಣಗಿ ನಿಂತ ಮುಳ್ಳುಕಂಟಿ ಬೇಕಾದಷ್ಟಿದ್ದಿತು. ಅದನ್ನು ಕಡಿದು ಹೊರೆಗಟ್ಟಿ ಅಗಳಿಗೆ ಎಸೆದರೆ ಬೇಗನೆ ತುಂಬುವುದು. ಹಾಗೆಯೇ ಮಾಡಿದರು. ಮೇ ತಿಂಗಳು ಮುಗಿಯುವ ಮೊದಲೇ ಕಂದಕದ ಬಹುಪಾಲು ತುಂಬಿ ಬಂದಿತು. ಇನ್ನು ಕೆಲವು ದಿನಗಳ ಮಾತು ಎಂದು ಮೊಗಲರ ಶಿಬಿರದಲ್ಲಿ ಎಲ್ಲರೂ ನಂಬಿದ್ದರು.

ಆಗ ದಿಲಾವರನು ಗೋಡೆಯ ಮೇಲಿಂದ ಬೆಂಕಿಯನ್ನು ಸುರಿಸಿದನು. ಹೊತ್ತಿಕೊಂಡ ನೆಫ್ತಾ ಎಣ್ಣೆ, ಮದ್ದು, ಉರಿಯುವ ಹುಲ್ಲಿನ ಸಿವುಡು ಒಂದರ ಹಿಂದೊಂದಾಗಿ ಅಗಳಿಗೆ ಬಿದ್ದವು. ಒಣ ಮುಳ್ಳಿಗೆ ಬೇರೇನು ಬೇಕು? ವಾರಗಟ್ಟಲೆ ಪ್ರಾಣದ ಹಂಗು ತೊರೆದು ಹೊತ್ತು ತಂದು ತುಂಬಿದುದೆಲ್ಲ ಬೂದಿಯಾಗಿ ತಳಕ್ಕೆ ಇಳಿಯಿತು. ಮೊಗಲರು ಮೊದಲಿನಿಂದ ಆರಂಭಿಸಬೇಕಾಯಿತು, ಈ ಸಲ ಕಲ್ಲಿನಿಂದಲೂ ಮಣ್ಣಿನಿಂದಲೂ. ಸುಡಲಾರದ ವಸ್ತು ಅದು, ನಿಜ; ಆದರೆ ಒಂದೊಂದು ಬುಟ್ಟಿಯನ್ನೂ ಗುಂಡಿನ ಎದುರಿನಲ್ಲಿ ಹೊತ್ತು ಬರಬೇಕು.

ಈ ಒಂದು ಸಂಗತಿಯೇ ಮುತ್ತಿಗೆಯ ಕಾಲವನ್ನು ಮಳೆಗಾಲದೊಳಕ್ಕೆ ನೂಕಿತು. ಬೀದರಿನಲ್ಲಿ ಬೆಂಕಿಯು ಕಿಲ್ಲೇದಾರನನ್ನು ಕೊಂದು ಕೋಟೆಯನ್ನು ಕಳೆಯಿತು. ನಲವತ್ತು ಮೈಲಿಯಾಚೆ, ಎರಡು ತಿಂಗಳೊಳಗೆ, ಅದೇ ಬೆಂಕಿಯು ಇನ್ನೊಬ್ಬ ಹಬಶಿಯ ಕೈಯಲ್ಲಿ ಕೋಟೆಯನ್ನು ಉಳಿಸಿತು. ಮರ್ಜಾನನ ಗತಿಯ ಸುದ್ದಿ ದಿಲಾವರನಿಗೆ ತಲುಪದೆ ಇದ್ದಿರಲಾರದು.

ಹೊರಗಿನ ದಂಡಿಗೂ ಸುಖವಿರಲಿಲ್ಲ. ಮುತ್ತಿಗೆ ಹಾಕಿದವರು ತಾವೇ ಮುತ್ತಿಗೆಗೆ ಒಳಗಾದಂತೆ ಇದ್ದರು. ಖಾನಮಹಮ್ಮದ, ಅಫಜಲಖಾನ ಮೊದಲಾದ ಬಿಜಾಪುರದ ಸರದಾರರು ತಮ್ಮ ಕುದುರೆ ದಂಡಿನೊಡನೆ ಸುತ್ತಲೂ ಸುಳಿದಾಡುತ್ತ, ಎದುರು ನಿಂತು ಹೋರಾಡದೆ, ಹುಲ್ಲು ಸೌದೆಗೆ ಹೊರಟವರನ್ನು ಕಡಿಯುವುದು, ಬೀದರಿನಿಂದ ಬರುವ ರಸದನ್ನು ತಡೆಯುವುದು, ರಾತ್ರಿ ಶಿಬಿರದೊಳಕ್ಕೆ ಬಾಣ ಹಾರಿಸುವುದು ಇದನ್ನೇ ಹಿಡಿದಿದ್ದರು. ಮಲಿಕ ಅಂಬರನು ದಕ್ಖಣಕ್ಕೆ ಕಲಿಸಿಹೋದ ಯುದ್ಧಪದ್ಧತಿ ಅದು. ಕಲ್ಯಾಣದಿಂದ ಹತ್ತು ಮೈಲಿ ಈಶಾನ್ಯದಲ್ಲಿ ರಸದಿಗಾಗಿ ಹೋಗಿದ್ದ ಮಹಾಬತಖಾನನನ್ನು ಅವರು ಹೀಗೆಯೇ ಮುತ್ತಿದರು. ಆ ಕಾಳಗದ ಭಾರವೆಲ್ಲ ಬುಂದಿಯ ರಾವ್ ಛತ್ರಸಾಲನ ರಜಪೂತರ ಮೇಲೆ ಬಿದ್ದಿತು. ರಾಯಸಿಂಹ ಸಿಸೋದಿಯನು ಗಾಯಗೊಂಡು ಕುದುರೆಯಿಂದ ಬಿದ್ದನು. ಮಹಾಬತನು ಕಡೆಗೆ ಅವರನ್ನು ಹಿಮ್ಮೆಟ್ಟಿಸಿ ದಾರಿ ಬಿಡಿಸಿಕೊಂಡನು. ಮರಳುಗಾಡಿನ ಅಂಚಿನಲ್ಲಿ ಹುಟ್ಟಿದವರು ಕಲ್ಯಾಣದ ಎರೆಹೊಲದಲ್ಲಿ, ದಿಲ್ಲಿಯ ಬಾದಶಹನಿಗಾಗಿ, ಜೋಳದ ಹೇರುಗಳನ್ನು ಕಾಯುತ್ತ ರಕ್ತ ಸುರಿಸಿದ ಈ ಚಿತ್ರವು ಮನಸ್ಸಿನಲ್ಲಿ ನಿಲ್ಲತಕ್ಕದ್ದು.

ಮೇ 28ರಂದು ಔರಂಗಜೇಬನು ಒಂದು ಉಪಾಯ ಹೂಡಿದನು. ರಸದು ತರಲು ಹೋಗುವಂತೆ ನಟಿಸಿ, ಡೇರೆಗಳನ್ನು ಇದ್ದಂತೆಯೇ ಬಿಟ್ಟು, ನಾಲ್ಕು ಮೈಲಿಯಾಚೆ ಬಂದು ನಿಂತಿದ್ದ ಸುಮಾರು 30,000 ಬಿಜಾಪುರಿಗರ ಮೇಲೆ ಬಿದ್ದನು. ಆರು ಗಂಟೆಗಳ ಕಾಲ ಕಾಳಗ ನಡೆಯಿತು. ಬಿಜಾಪುರದವರು ಚದುರಿದರು, ಅವರ ಪಾಳೆಯ ಲೂಟಿಯಾಯಿತು. ಕೋಟೆಯ ತೆನೆಗಳ ಮೇಲೆ ನಿಂತವರಿಗೆ ನಾಲ್ಕು ಮೈಲಿಯಾಚೆಯ ಧೂಳು ಕಾಣದಿರಲು ಸಾಧ್ಯವಿಲ್ಲ. ಸಂಜೆಗೆ ಯಾವ ದಂಡು ಹಿಂದಿರುಗಿತೆಂಬುದೂ ಕಂಡಿರಬೇಕು. ಆದರೂ ಬಾಗಿಲು ತೆರೆಯಲಿಲ್ಲ. ಇನ್ನು ಅವರಿಗೆ ಉಳಿದ ಆಸೆ ಮೋಡದ ಕಡೆಯಿಂದ ಬರಬೇಕಾಗಿದ್ದುದೊಂದೇ.

ಈ ಸೀಮೆಯಲ್ಲಿ ವರ್ಷಕ್ಕೆ 30 ಅಂಗುಲಕ್ಕೆ ಮೀರಿ ಮಳೆಯಾಗುವುದು, ಅದರ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ. ಮೃಗಶಿರಾ ಆರಿದ್ರಾ ಮಳೆಗಳಲ್ಲಿ ತೋಡಿದ ಮೋರ್ಚೆಗಳೆಲ್ಲ ಕಾಲುವೆಗಳಾಗುವುವು, ಮದ್ದು ತೇವಗೊಳ್ಳುವುದು, ಹೇರಿನ ಎತ್ತುಗಳು ದಾರಿಯಲ್ಲಿ ಕುಸಿಯುವುವು, ಡೇರೆಯಲ್ಲಿ ಮಲಗುವವರಿಗೆ ಜ್ವರ ಆಮಶಂಕೆಗಳು ತಪ್ಪಿದ್ದಲ್ಲ. ದಿಲ್ಲಿ ಆಗ್ರಾಗಳ ಸಿಪಾಯಿಗಳಿಗೆ ಮಳೆ ಹೊಸದಲ್ಲವಾದರೂ ಎರೆಮಣ್ಣಿನ ಅಂಟು ಹೊಸದು. ಹೀಗಿರುವಾಗ ಹಳೆಯ ಲೆಕ್ಕಾಚಾರದ ಪ್ರಕಾರ ಮುತ್ತಿಗೆಯು ಏಳಬೇಕಾಗಿತ್ತು. ಏಳಲಿಲ್ಲ. ಬೀದರು ಕೈಯಲ್ಲಿದ್ದುದರಿಂದ ಔರಂಗಜೇಬನಿಗೆ ಉಗ್ರಾಣವೊಂದು 40 ಮೈಲಿಯಲ್ಲಿಯೇ ಸಿಕ್ಕಿದ್ದಿತು. ಮರ್ಜಾನನು ಬಿಜಾಪುರಕ್ಕೆಂದು ತುಂಬಿಟ್ಟಿದ್ದ ಕಾಳು ಮೊಗಲರ ಹೊಟ್ಟೆಗೆ ಬೀಳುತ್ತಿದ್ದುದರಿಂದಲೇ ಅವರು ಮಳೆಯಲ್ಲಿ ನಿಲ್ಲಬಲ್ಲವರಾದರು.

ಮಳೆಯ ಎರಡನೆಯ ಮುಖವೂ ಇಲ್ಲಿ ಕಾಣುವುದು. ಕೋಟೆಯವರ ಅತ್ಯುತ್ತಮ ಆಯುಧವು ಬೆಂಕಿಯಾಗಿದ್ದಿತು. ಬೇಸಗೆಯಲ್ಲಿ ಒಂದು ಸಿವುಡು ಹುಲ್ಲು ಮಾಡಿದ ಕೆಲಸವನ್ನು ಮಳೆಯಲ್ಲಿ ನೂರು ಸಿವುಡು ಮಾಡಲಾರದು. ಅಗಳಿನಲ್ಲಿ ಈಗ ಇದ್ದುದೂ ಹಸಿಮಣ್ಣು, ಕಲ್ಲು. ಯಾವ ಮಳೆಯನ್ನು ಮಿತ್ರನೆಂದು ಕಾದಿದ್ದರೋ ಅದೇ ಬಂದು ಮಿತ್ರರ ಕೈಯ ದೊಂದಿಯನ್ನು ಆರಿಸಿತೆಂದು ಊಹಿಸಿದರೆ ತಪ್ಪಾಗಲಾರದು. ಹಾಗಿದ್ದರೂ ಜೂನ್ ಕಳೆಯಿತು, ಜುಲೈ ಬಹುಪಾಲು ಕಳೆಯಿತು. ಬುಟ್ಟಿಯಿಂದ ಬುಟ್ಟಿಗೆ ಕಂದಕವು ತುಂಬುತ್ತಿದ್ದುದನ್ನು ಗೋಡೆಯ ಮೇಲಿನವರು ದಿನವೂ ಕಣ್ಣಾರೆ ನೋಡುತ್ತಿದ್ದರು. ಮೇಲೆ ಸಿಡಿಲಿನಂತೆ ಬರುವ ಮರಣಕ್ಕಿಂತ ಹೀಗೆ ಅಂಗುಲ ಅಂಗುಲವಾಗಿ ಏರಿ ಬರುವ ಮರಣವನ್ನು ನೋಡುತ್ತ ನಿಲ್ಲುವುದಕ್ಕೆ ಬೇರೆಯ ಧೈರ್ಯವೇ ಬೇಕು.

ಚದುರಿದ ಬಿಜಾಪುರದ ಸೇನೆ ಮತ್ತೊಮ್ಮೆ ಕೂಡಿ ಕೋಟೆಯ ನೆರವಿಗೆ ಬರಲೆತ್ನಿಸಿತು. ಜುಲೈ 22ರಂದು ಔರಂಗಜೇಬನ ಹಿರಿಯ ಮಗ ಮಹಮ್ಮದ ಸುಲ್ತಾನನೂ ಮೀರ್ ಜುಮ್ಲಾನೂ ಅದನ್ನೆದುರಿಸಿ ಸೋಲಿಸಿದರು. ಹೊರಗಿನ ಆಸೆ ಅಲ್ಲಿಗೆ ಕಡಿಯಿತು. ಏಳು ದಿನಗಳ ಮೇಲೆ, ಜುಲೈ 29ರಂದು, ಮೊಗಲರು ತುಂಬಿದ ಕಂದಕವನ್ನು ದಾಟಿ ತೋಪಿನ ಹೊಡೆತದಿಂದ ತೆನೆಗಳನ್ನು ಕಳೆದುಕೊಂಡಿದ್ದ ಒಂದು ಬುರುಜನ್ನು ಹತ್ತಿದರು. ಬುರುಜಿನ ಹಿಂದೆ ಒಳಗಿನವರು ಇನ್ನೊಂದು ಗೋಡೆಯನ್ನು ಕಟ್ಟಿಕೊಂಡು ನಿಂತಿದ್ದರು. ಅಲ್ಲಿಂದಲೂ ಬಾಣ, ಎಣ್ಣೆ, ಉರಿಯುವ ಹುಲ್ಲುಗಳನ್ನು ಎಸೆಯುತ್ತ ಕಾದಿದರು. ಆದರೆ ಶತ್ರುವಿನ ಕಾಲು ಒಮ್ಮೆ ಗೋಡೆಯ ಮೇಲೆ ಊರಿದ ಬಳಿಕ ಉಳಿದುದು ಲೆಕ್ಕದ ಮಾತು.

ದಿಲಾವರನು ಸಂಧಿಯನ್ನು ಬೇಡಿ ಪತ್ರ ಬರೆದನು. ಇದಕ್ಕಾಗಿ ಅವನನ್ನು ಹಳಿಯುವವರು ಉಂಟು. ಕಡೆಯ ಮನುಷ್ಯನವರೆಗೆ ಕಾದಿ ಸಾಯಬೇಕಾಗಿತ್ತೆಂಬುದು ಕಥೆಗಳ ನ್ಯಾಯ. ಗೋಡೆಯೊಳಗೆ ಸೈನಿಕರ ಹೆಂಡಿರು ಮಕ್ಕಳಿದ್ದರು. ಲಗ್ಗೆಯಲ್ಲಿ ಹಿಡಿದ ಊರಿನ ಹೆಂಗಸರಿಗೆ ಏನಾಗುವುದೆಂಬುದನ್ನು ಆ ಕಾಲದವರು ಯಾರಿಂದಲೂ ಕೇಳಿ ತಿಳಿಯಬೇಕಾಗಿರಲಿಲ್ಲ. ಇನ್ನು ಎರಡು ದಿನ ಕಾದಿದ್ದರೆ ಕೋಟೆಯೇನೂ ಉಳಿಯುತ್ತಿರಲಿಲ್ಲ, ಕೇಳಿ ಪಡೆಯಬಹುದಾಗಿದ್ದ ಅಭಯವು ಮಾತ್ರ ಕೈತಪ್ಪುತ್ತಿತ್ತು. ಔರಂಗಜೇಬನು ಒಪ್ಪಿದನು. ಒಳಗಿನವರಲ್ಲಿ ಸೈಯದರೂ ಇತರ ಮುಸಲ್ಮಾನರೂ ಹೆಚ್ಚಾಗಿದ್ದುದು ಅವನ ಮನಸ್ಸಿಗೆ ಒಂದು ಕಾರಣವಾಯಿತು. ಬೇಗ ಮುಗಿಯಲೆಂಬ ಆತುರ ಇನ್ನೊಂದಾಗಿರಬೇಕು. ಪ್ರಾಣ, ಆಸ್ತಿ, ಕುಟುಂಬದ ಮಾನ ಇವುಗಳಿಗೆ ಅಭಯ ದೊರೆಯಿತು. ಆಗಸ್ಟ್ 1ರಂದು ಕೋಟೆಯ ಬೀಗದ ಕೈಗಳು ಮೊಗಲರ ಕೈಸೇರಿದವು. ದಿಲಾವರನಿಗೆ ಔರಂಗಜೇಬನು ಮರ್ಯಾದೆಯ ಉಡುಗೊರೆಯನ್ನು ಕೊಟ್ಟು ಬಿಜಾಪುರಕ್ಕೆ ಹೋಗಗೊಟ್ಟನು. ದಂಡು ಬಂದಿಳಿದ ದಿನದಿಂದ ಎಣಿಸಿದರೆ ಅಂದಿಗೆ ತೊಂಬತ್ತು ದಿನಗಳಾಗಿದ್ದವು.

ಈ ತೊಂಬತ್ತು ದಿನಗಳಿಂದ ಬಂದ ಫಲವೇನೆಂದು ಕೇಳಬಹುದು. ಕಲ್ಯಾಣವಂತೂ ಉಳಿಯಲಿಲ್ಲ. ಆದರೆ ಅದರ ಹಿಂದೆ ಬಿಜಾಪುರವಿದ್ದಿತು. ಕಲ್ಯಾಣವು ಬೀದರಿನಂತೆ ಒಂದು ತಿಂಗಳಲ್ಲಿ ಬಿದ್ದಿದ್ದರೆ ಜೂನಿನ ಮೊದಲ ವಾರದಲ್ಲಿ ಮೊಗಲರ ಗೆದ್ದ ಸೇನೆಗೆ ಮುಂದಿನ ದಾರಿ ತೆರೆದಿರುತ್ತಿತ್ತು. ಎಳೆಯ ಸುಲ್ತಾನನ ದರಬಾರು ಒಳಜಗಳಗಳಿಂದ ಶಿಥಿಲವಾಗಿದ್ದಿತು. ಆ ಕಾಲವೆಲ್ಲ ಕಲ್ಯಾಣದ ಅಗಳಿನಲ್ಲಿ ಹೂತುಹೋಯಿತು. ಅಷ್ಟರಲ್ಲಿ ಬಿಜಾಪುರದ ವಕೀಲರು ಉತ್ತರದಲ್ಲಿ ದಾರಾನ ಮರೆಹೊಕ್ಕು ಷಹಜಹಾನನ ಮನಸ್ಸನ್ನು ತಿರುಗಿಸಿದರು. ಯುದ್ಧವನ್ನು ನಿಲ್ಲಿಸಿ ಸಂಧಿ ಮಾಡಿಕೊಳ್ಳಬೇಕೆಂದು ಬಾದಶಹನ ಅಪ್ಪಣೆ ಬಂದಿತು. ಒಂದೂವರೆ ಕೋಟಿ ರೂಪಾಯಿ ಕಾಣಿಕೆ, ಬೀದರ, ಕಲ್ಯಾಣ, ಪರಂಡಾ ಕೋಟೆಗಳೂ ಅವುಗಳ ಸೀಮೆಗಳೂ. ಕಾಣಿಕೆಯಲ್ಲಿ ಅರ್ಧ ಕೋಟಿಯನ್ನು ಮತ್ತೆ ಬಿಟ್ಟರು.

ಬಿಜಾಪುರವನ್ನು ಉಳಿಸಿದುದು ದಿಲ್ಲಿಯ ರಾಜಕಾರಣ, ದಿಲಾವರನಲ್ಲ ಎಂದು ವಾದಿಸುವವರಿಗೆ ಒಂದು ಮಾತನ್ನು ಹೇಳಬಹುದು. ದಿಲ್ಲಿಯ ಅಪ್ಪಣೆ ಬಂದಾಗ ಔರಂಗಜೇಬನು ಕಲ್ಯಾಣದಲ್ಲಿದ್ದನು. ಬಿಜಾಪುರದ ಕೋಟೆಯೊಳಗೆ ಇದ್ದಿದ್ದರೆ ಆ ಕಾಗದಕ್ಕೆ ಅವನು ಎಷ್ಟು ಬೆಲೆ ಕೊಡುತ್ತಿದ್ದನೆಂಬುದನ್ನು ಅವನ ಮುಂದಿನ ಚರಿತ್ರೆಯಿಂದಲೇ ತಿಳಿದುಕೊಳ್ಳಬಹುದು. ಅವನು ಮರಳಿ ಬಂದು ಬಿಜಾಪುರವನ್ನು ಹಿಡಿಯುವುದಕ್ಕೆ ಇಪ್ಪತ್ತೊಂಬತ್ತು ವರ್ಷಗಳು ಬೇಕಾದವು. 1685ರ ಏಪ್ರಿಲಿನಲ್ಲಿ ಆರಂಭವಾದ ಆ ಮುತ್ತಿಗೆಯು ಎರಡು ಬೇಸಗೆ, ಒಂದು ಪೂರ್ಣ ಮಳೆಗಾಲಗಳನ್ನು ನುಂಗಿ, ಒಳಗೂ ಹೊರಗೂ ಹಸಿವಿನಿಂದ ಜನರನ್ನು ಕೊಂದು, 1686ನೆಯ ಸೆಪ್ಟೆಂಬರ್ 12ರಂದು ಮುಗಿಯಿತು.

ಕಲ್ಯಾಣವನ್ನು ಸೋತವನಿಗೆ ಶತ್ರುವಿನಿಂದ ಮರ್ಯಾದೆ ದೊರೆತುದನ್ನು ಹೇಳಿತು. ಹೊರಗೆ ಬಯಲಿನಲ್ಲಿ ಆ ಕೋಟೆಗಾಗಿ ಕಾದಿದ ಖಾನಮಹಮ್ಮದನಿಗೆ ತನ್ನವರಿಂದ ದೊರೆತುದು ಬೇರೆ. ಮೊಗಲರೊಡನೆ ಒಳಗೊಳಗೆ ಕೂಡಿಕೊಂಡನೆಂಬ ಸಂಶಯದ ಮೇಲೆ ಅವನನ್ನು ಅದೇ ನವೆಂಬರಿನಲ್ಲಿ ಬಿಜಾಪುರದಲ್ಲಿ ಕೊಲ್ಲಿಸಿದರು.

ಔರಂಗಜೇಬನು ತಾನು ಅಷ್ಟು ಕಷ್ಟದಿಂದ ಗೆದ್ದ ಕೋಟೆಯಲ್ಲಿ ಎರಡು ತಿಂಗಳಿಗೆ ಸ್ವಲ್ಪ ಹೆಚ್ಚು ಕಾಲ ಮಾತ್ರ ಇದ್ದನು. ಸೆಪ್ಟೆಂಬರ್ 6ರಂದು ಷಹಜಹಾನನು ದಿಲ್ಲಿಯಲ್ಲಿ ಕಾಯಿಲೆ ಬಿದ್ದನು; ಸತ್ತೇಹೋದನೆಂಬ ಗಾಳಿಮಾತು ದಕ್ಖಣಕ್ಕೂ ಮುಟ್ಟಿತು. ಇನ್ನು ಅವನಿಗೆ ಬಿಜಾಪುರಕ್ಕಿಂತ ದಿಲ್ಲಿ ಹತ್ತಿರವಾಯಿತು. ಪರಂಡಾ ಕೈಗೆ ಬರಲಿಲ್ಲ, ಕಾಣಿಕೆಯ ಹಣ ಬರಲಿಲ್ಲ. ಬಿಜಾಪುರದ ಸವಾರರು ಮತ್ತೆ ದಿಗಂತದಲ್ಲಿ ಕಾಣಿಸಿಕೊಳ್ಳತೊಡಗಿದ್ದರು. ಅಕ್ಟೋಬರ್ 4ರಂದು, ಮಳೆಗಾಲ ಮುಗಿದು ದಾರಿಗಳು ಒಣಗತೊಡಗಿದಾಗ, ವಾಡಿಕೆಯಂತೆ ದಂಡುಗಳು ಶತ್ರುವಿನ ಮೇಲೆ ಹೊರಡುವ ದಿನಗಳಲ್ಲಿ, ಅವನು ಕಲ್ಯಾಣದಿಂದ ಹಿಂದಿರುಗಿ ಬೀದರಿನ ದಾರಿ ಹಿಡಿದನು.